ಖಾಲಿ ಬಿಟ್ಟ ಕಾಲಂ

ನಿವೃತ್ತಳಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಎರಡು ಬಗೆ. ಪಿಂಚಣಿ ಕಾಗದ ಹೇಗೆ ತುಂಬಬೇಕೆಂದು ಕೇಳುವವರು ಒಂದು ಬಗೆ. ಹೊಸದಾಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿ, 'ನಿಮ್ಮ ಕಾಲದಲ್ಲಿ ಹೇಗಿತ್ತು ಆಂಟಿ' ಎಂದು ಕೇಳುವವರು ಇನ್ನೊಂದು ಬಗೆ. ಮೊದಲಿನವರಿಗೆ ನನ್ನಿಂದ ಏನಾದರೂ ಉಪಯೋಗವಾಗುತ್ತದೆ. ಎರಡನೆಯವರಿಗೆ ಬೇಕಾದದ್ದು ತಟ್ಟೆಯಷ್ಟಗಲದ ಫ್ಲಾಪಿಯನ್ನು ನೆನೆದು ನಗುವಂಥ ಕಥೆ. ನನ್ನ ಹತ್ತಿರ ಅಂಥವೂ ಇವೆ, ಹೇಳುತ್ತೇನೆ. ಆದರೆ ಮುಗಿಯುವ ಹೊತ್ತಿಗೆ ನಗು ಉಳಿದಿರುತ್ತದೆಂದು ಮಾತು ಕೊಡಲಾರೆ.

ನಾನು ಕೆಲಸ ಮಾಡಿದ್ದು ತಿಪಟೂರಿನಲ್ಲಿ, ತೆಂಗಿಗೆ ಬರುವ ಅಣಬೆ ರೋಗವನ್ನು ತಡೆಯುವ ಒಂದು ಯೋಜನೆಯ ಕಚೇರಿಯಲ್ಲಿ. ಹೆಸರು ಬೇಡ. ಆ ಯೋಜನೆ ಈಗಿಲ್ಲ, ಅದಿದ್ದ ಬಾಡಿಗೆ ಕಟ್ಟಡವೂ ಇಲ್ಲ. ಎಪ್ಪತ್ತರ ದಶಕದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಆಗಿನ ಕೆಲಸವೆಂದರೆ ಕಾರ್ಬನ್ ಹಾಳೆ, ಸ್ಟೆನ್ಸಿಲ್ ಮತ್ತು ಬೆರಳ ತುದಿಗೆ ಹತ್ತಿದ ಶಾಯಿ. ಅದು ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ. ಕಿಟಕಿ ತೆಗೆದರೆ ಮಂಡಿಗಳ ಕಡೆಯಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಸಾಹೇಬರು ಬರೆದುಕೊಟ್ಟದ್ದನ್ನು ಹಾಗೇ ಹೊಡೆಯಬೇಕು, ಅರ್ಥ ಕೇಳಬಾರದು. ಹಾಗಿದ್ದೇ ಹತ್ತು ಹನ್ನೆರಡು ವರ್ಷ ಕಳೆದೆ, ನೆಮ್ಮದಿಯಾಗಿಯೇ ಇದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಯೋಜನೆಗೆ ಒಂದು ಕಂಪ್ಯೂಟರ್ ಬಂತು. ಅದಕ್ಕಾಗಿ ಒಂದು ಕೋಣೆಗೆ ಗಾಜಿನ ಬಾಗಿಲು, ಏಸಿ, ನೆಲಕ್ಕೆ ರಬ್ಬರ್ ಹಾಸು. ನಮಗೆಲ್ಲ ಬೇಸಿಗೆಯಲ್ಲಿ ಒಂದೇ ಫ್ಯಾನು. ನಮ್ಮ ಸಾಹೇಬರು ನಂಜುಂಡಯ್ಯನವರು, ಒಳ್ಳೆಯ ಮನುಷ್ಯರು, ಕಾಗದಕ್ಕೆ ಹೆದರುವವರು. ಮಿಷನ್ನಿಗೆ ಪೂಜೆ ಮಾಡಬೇಕೆಂದು ಹೊರಟರು. ಕಾಯಿ ಯಾವ ತೋಟದ್ದಾಗಬೇಕು ಎಂಬ ಚರ್ಚೆಯಲ್ಲೇ ಅರ್ಧ ದಿನ ಹೋಯಿತು. ತಿಪಟೂರಿನಲ್ಲಿ ಈ ವಿಷಯಕ್ಕೆ ಅಭಿಪ್ರಾಯ ಇಲ್ಲದವರೇ ಇಲ್ಲವಲ್ಲ. ಕೊನೆಗೆ ಮಿಷನ್ನಿನ ಮುಂದೆಯೇ ಕಾಯಿ ಒಡೆದು, ನೀರು ಕೀಲಿಮಣೆಯ ಕಡೆಗೆ ಹರಿದು, ಜೊತೆಗೆ ಬಂದಿದ್ದ ಎಂಜಿನಿಯರು ಕಿರುಚಿಕೊಂಡು ತನ್ನ ಷರ್ಟಿನಿಂದಲೇ ಒರೆಸಿದ. ಅಲ್ಲಿಗೆ ನಗುವ ಕಥೆ ಒಂದು ಮುಗಿಯಿತು.

ಟೈಪಿಂಗ್ ಬರುತ್ತದೆಂಬ ಒಂದೇ ಅರ್ಹತೆಗೆ ಆ ಕೋಣೆಗೆ ಹಾಕಿದ್ದು ನನ್ನನ್ನು ಮತ್ತು ಶಿವಣ್ಣನನ್ನು. ಶಿವಣ್ಣ ಶೆಟ್ಟಿಕೆರೆಯವನು, ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಕಲಿಸಲು ಬೆಂಗಳೂರಿನಿಂದ ಪ್ರಸಾದ್ ಎಂಬವರು ಬಂದರು. ತೀರಾ ಚುರುಕು, ತೀರಾ ಅವಸರ. ಆ ಮಿಷನ್ನಿನಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆ, ಮಿಣುಕುವ ಒಂದು ಗೆರೆ. ನಾವು ಒಂದು ಸಾಲಿನ ಆಜ್ಞೆ ಹೊಡೆಯಬೇಕು, ಅದು ನಡೆಸಬೇಕು. ಪ್ರಸಾದ್ ಕಲಿಸಿದ ಭಾಷೆಯ ಹೆಸರು ಆಕ್.

"ಇದರಲ್ಲಿ ಕಲಿಯೋದೇನಿಲ್ಲ ಮೇಡಂ. ಫೈಲನ್ನ ಒಂದೊಂದೇ ಸಾಲು ಓದುತ್ತೆ. ಮಧ್ಯ ಜಾಗ ಎಲ್ಲಿದೆಯೋ ಅಲ್ಲಿ ಒಡೆದು ಕಾಲಂ ಮಾಡುತ್ತೆ. ನೀವು ಕೇಳಿದ ಕಾಲಂ ನೋಡಿ ಹೇಳಿದ್ದನ್ನ ಮಾಡುತ್ತೆ. ಅಷ್ಟೇ" ಎಂದರು.

ಸರ್ವೆಯವರು ತೋಟ ತೋಟ ಸುತ್ತಿ ಹಾಳೆಯಲ್ಲಿ ಬರೆದು ತಂದದ್ದನ್ನು ನಾವು ಫೈಲಿಗೆ ಟೈಪ್ ಮಾಡುತ್ತಿದ್ದೆವು, ಒಂದು ಮರಕ್ಕೆ ಒಂದು ಸಾಲು. ಸಾಲಿನಲ್ಲಿ ಐದು ಅಂಕಿ: ತೋಟದ ಸಂಖ್ಯೆ, ಮರದ ಸಂಖ್ಯೆ, ವರ್ಷಕ್ಕೆ ಬಿಡುವ ಕಾಯಿ, ರೋಗದ ದರ್ಜೆ, ಮರದ ವಯಸ್ಸು. ರೋಗವಿಲ್ಲದ ಮರಕ್ಕೆ ಸೊನ್ನೆ, ಪೂರಾ ಕೆಟ್ಟ ಮರಕ್ಕೆ ಐದು. ನಾಲ್ಕನೇ ಕಾಲಂ ಮೂರು ಅಥವಾ ಮೂರಕ್ಕಿಂತ ಹೆಚ್ಚಿದ್ದರೆ ಆ ತೋಟ, ಆ ಮರದ ಸಂಖ್ಯೆಯನ್ನು ಅಚ್ಚು ಹಾಕು. ಪ್ರಸಾದ್ ಬರೆದ ಪ್ರೋಗ್ರಾಂ ಇಷ್ಟೇ, ಒಂದೇ ಸಾಲು. ಅಚ್ಚಾಗಿ ಬಂದದ್ದು ಕಡಿಯಬೇಕಾದ ಮರಗಳ ಪಟ್ಟಿ. ರೋಗ ಮಣ್ಣಿನಲ್ಲಿ ಬೇರಿಂದ ಬೇರಿಗೆ ಹಬ್ಬುವುದರಿಂದ ಕೆಟ್ಟ ಮರ ಕಡಿದು, ಸುತ್ತ ಕಂದಕ ತೋಡುವುದೇ ಆಗ ಯೋಜನೆಯ ಉಪಾಯ. ಇದನ್ನು ಒಂದು ಸಲ ತೋರಿಸಿ, ಇಂಗ್ಲಿಷ್ ಪುಸ್ತಕವೊಂದರ ಒಂದಿಷ್ಟು ಪುಟ ಜೆರಾಕ್ಸ್ ಕೊಟ್ಟು, ಪ್ರಸಾದ್ ಬೆಂಗಳೂರಿನ ರೈಲು ಹತ್ತಿದರು.

ಆ ಪುಟಗಳನ್ನು ನಾನೆಷ್ಟು ಶಪಿಸಿದ್ದೇನೋ. ಪ್ರತಿ ಪುಟದಲ್ಲೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದರಿಂದಲೇ ವಿವರಿಸಿದ್ದರು. ತಪ್ಪು ಹೊಡೆದರೆ ಮಿಷನ್ನು ಒಂದು ಸಾಲಿನ ಬೈಗುಳ ಹಾಕಿ ಸುಮ್ಮನಾಗುತ್ತಿತ್ತು, ಎಲ್ಲಿ ತಪ್ಪೆಂದು ಹೇಳುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿಂದ. ಒಮ್ಮೆ ಶಿವಣ್ಣ ತುರುವೇಕೆರೆ ಕಡೆಯ ಒಂದು ಹೋಬಳಿಯ ಫೈಲನ್ನು ಸರಿಪಡಿಸಿ, ಬಂದ ಫಲಿತಾಂಶವನ್ನು ಅದೇ ಹೆಸರಿನ ಫೈಲಿಗೇ ಬರೆ ಎಂದು ಬಾಣದ ಗುರುತು ಹಾಕಿದ. ಆ ಬಾಣದ ಗುಣವೇನೆಂದರೆ, ಅದು ಓದುವುದಕ್ಕೆ ಮುಂಚೆ ಫೈಲನ್ನು ಒರೆಸಿ ಖಾಲಿ ಮಾಡಿಕೊಂಡು ಬರೆಯಲು ತಯಾರಾಗಿ ಕೂರುತ್ತದೆ. ಓದಲು ಏನೂ ಉಳಿದಿರಲಿಲ್ಲ. ಇಡೀ ಹೋಬಳಿ ಹೋಯಿತು.

"ಗಿರಿಜಕ್ಕ, ಎಲ್ಲಾ ಗುಡಿಸ್ಕೊಂಡ್ ಹೋಯ್ತಲ್ಲ ಕಣಕ್ಕ! ಸಾಹೇಬ್ರಿಗೆ ಏನಂತ ಹೇಳ್ಲಿ?" ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತ. ಇಬ್ಬರೂ ಕೂತು ಮತ್ತೆ ಅಷ್ಟನ್ನೂ ಟೈಪ್ ಮಾಡಿದೆವು. ಈಗಿನವರಿಗೆ ನಾನು ಹೇಳುವ ಮೊದಲ ಬುದ್ಧಿವಾದ ಇದೇ: ಓದುವ ಫೈಲಿಗೆ ಬರೆಯಬೇಡಿ. ಎರಡನೇ ನಗುವ ಕಥೆಯೂ ಇಲ್ಲಿಗೆ ಮುಗಿಯಿತು.

ಪಟ್ಟಿ ಜಿಲ್ಲೆಗೆ ಹೋಗಿ ಮಂಜೂರಾಗಿ ಬಂತು. ಸರ್ವೆಯವರು ಶೆಟ್ಟಿಕೆರೆ ಕಡೆಯಿಂದ ಶುರು ಮಾಡಿ ಮರಗಳಿಗೆ ಕೆಂಪು ಬಳಿದು ಬಂದರು. ಒಂದು ಸೋಮವಾರ ಶಿವಣ್ಣ ಮುಖ ಸಣ್ಣ ಮಾಡಿಕೊಂಡು ಬಂದ.

"ಗಿರಿಜಕ್ಕ, ನಮ್ ಚಿಕ್ಕಮ್ಮನ ತಾಯಿಮರಕ್ಕೆ ಕೆಂಪು ಬಳಿದವ್ರೆ. ಆ ಮರುಕ್ಕೆ ಯಾವ ರೋಗ್ವೂ ಇಲ್ಲ ಕಣಕ್ಕ. ಹೋಗಿ ನೋಡು ಬೇಕಾದ್ರೆ, ಗೊನೆ ಹೊರಕ್ಕಾಗ್ದಂಗೆ ನಿಂತೈತೆ."

ಅವನ ಚಿಕ್ಕಮ್ಮ ಹೊನ್ನಮ್ಮ ಅದೇ ವಾರ ಕಚೇರಿಗೇ ಬಂದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಗಾಜಿನಾಚೆ ನಿಂತು, ಮಿಷನ್ನನ್ನೇ ನೋಡುತ್ತಿದ್ದಳು. ಒಳಗೆ ಕರೆದರೂ ಬರಲಿಲ್ಲ. ಆ ಮರ ಅವಳು ಮದುವೆಯಾಗಿ ಬರುವಾಗ ತವರಿನಿಂದ ಗಾಡಿಯಲ್ಲಿ ತಂದ ಸಸಿ. ತವರಿನ ತೋಟವನ್ನು ಅಣ್ಣಂದಿರು ಎಂದೋ ಮಾರಿದ್ದರು. ತಾಯಿಮರವೆಂದರೆ ತೋಟದಲ್ಲೇ ಒಳ್ಳೆಯದೆಂದು ಬೀಜಕ್ಕೆ ಬಿಟ್ಟ ಮರ. ಅದರ ಕಾಯಿ ಕೊಬ್ಬರಿಗೂ ಹೋಗುವುದಿಲ್ಲ, ಅಡುಗೆಗೂ ಬರುವುದಿಲ್ಲ. ಮನೆಯ ಹೆಣ್ಣುಮಗಳು ಮದುವೆಯಾಗಿ ಹೋಗುವಾಗ ಅದರ ಸಸಿ ಜೊತೆಗೆ ಹೋಗಬೇಕು. ಹೊನ್ನಮ್ಮನ ಒಬ್ಬಳೇ ಮಗಳು ಕಮಲಳಿಗೆ ಗಂಡು ಗೊತ್ತಾಗಿತ್ತು. ಬೀಜದ ಕಾಯಿ ಇನ್ನೂ ಮರದ ಮೇಲೇ ಬಲಿಯುತ್ತಿತ್ತು.

"ನಾನ್ ಕಡೀಬ್ಯಾಡಿ ಅಂತಿಲ್ಲ ಕಣವ್ವ. ರೋಗ ಇದ್ರೆ ಊರಿಗೇ ಹಬ್ಬುತ್ತೆ ಅಂತಾರೆ, ನಂಗೂ ಗೊತ್ತು. ಕಾಯಿ ಬಲಿಯೋಗಂಟ ಬುಡಿ. ಸಸಿ ಎಬ್ಬುಸ್ಕೊಂಡ್ ಮ್ಯಾಲೆ ನಾನೇ ಮುಂದ್ ನಿಂತು ಕಡುಸ್ತೀನಿ."

ನಂಜುಂಡಯ್ಯನವರು ಅವಳನ್ನು ಕೂರಿಸಿ ನೀರು ಕೊಡಿಸಿದರು. "ತಾಯೀ, ಹೊರಗೆ ಕಾಣದಿದ್ರೂ ಬೇರಲ್ಲಿ ಹಿಡಿದಿರುತ್ತೆ. ಮನುಷ್ಯರ ಕಣ್ಣಿಗೆ ಕಾಣದ್ದು ಇದಕ್ಕೆ ಕಾಣುತ್ತೆ" ಎಂದು ಗಾಜಿನ ಕೋಣೆ ತೋರಿಸಿದರು. ಮೋಸದ ಮಾತಲ್ಲ, ಅವರು ಅದನ್ನು ನಂಬಿದ್ದರು.

ಅವಳು ಹೋದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಆ ಮರದ ಸಾಲನ್ನು ಪರದೆಯ ಮೇಲೆ ತೆಗೆದೆ. ಕಾಯಿಯ ಜಾಗ ಖಾಲಿ ಇತ್ತು. ಸರ್ವೆ ಹಾಳೆಯಲ್ಲಿ ಖಾಲಿ ಇದ್ದದ್ದನ್ನು ನಾವು ಖಾಲಿಯೇ ಬಿಟ್ಟಿದ್ದೆವು, ನಮಗೆ ಸಿಕ್ಕಿದ್ದ ಅಪ್ಪಣೆಯೇ ಹಾಗೆ. ಯಾಕೆ ಖಾಲಿ ಎಂದು ಶಿವಣ್ಣನನ್ನು ಕೇಳಿದೆ.

"ಅಯ್ಯೋ, ತಾಯಿಮರದ ಕಾಯಿ ಯಾರಕ್ಕ ಎಣುಸ್ತಾರೆ? ದೃಷ್ಟಿ ಆಗಲ್ವಾ? ನಮ್ ಕಡೆ ಯಾರ್ ತೋಟುಕ್ ಹೋಗಿ ಕೇಳಿದ್ರೂ ಅದೊಂದರ ಲೆಕ್ಕ ಹೇಳಲ್ಲ. ಸರ್ವೆ ಹುಡುಗ್ರೂ ಇಲ್ಲಿಯವ್ರೇ, ಬರ್ಕೊಳಕ್ಕೂ ಹೋಗಲ್ಲ" ಎಂದ.

ಆಗ ನನಗೆ ಹೊಳೆದದ್ದನ್ನು ಪರೀಕ್ಷಿಸಲು ಪ್ರಸಾದ್ ಬರೆದ ಸಾಲಿಗೆ ಒಂದು ಮಾತು ಸೇರಿಸಿದೆ: ತೋಟ, ಮರದ ಜೊತೆಗೆ ನಾಲ್ಕನೇ ಕಾಲಂ ಅನ್ನೂ ಅಚ್ಚು ಹಾಕು. ಮೂರು, ನಾಲ್ಕು, ಮೂರು, ಐದು ಎಂದು ಬರುತ್ತಿದ್ದ ದರ್ಜೆಗಳ ನಡುವೆ ಮೂವತ್ತೈದು, ನಲವತ್ತೆರಡು, ಇಪ್ಪತ್ತೆಂಟು ಎಂದು ಬರತೊಡಗಿದವು. ಐದರಾಚೆ ದರ್ಜೆಯೇ ಇಲ್ಲದ ರೋಗ! ಬೆಂಚಿನ ಮಧ್ಯದಿಂದ ಒಬ್ಬ ಎದ್ದು ಹೋದರೆ ಪಕ್ಕದವರು ಒಂದೊಂದು ಜಾಗ ಸರಿದು ಕೂರುತ್ತಾರಲ್ಲ, ಹಾಗೆ ಆಗಿತ್ತು. ಕಾಯಿ ಬರೆಯದ ಕಡೆ ಆಕ್ ಮಧ್ಯದ ಜಾಗವನ್ನೆಲ್ಲ ಒಂದೇ ಎಂದುಕೊಂಡು ಮುಂದಿನದನ್ನು ಎಳೆದುಕೊಂಡಿತ್ತು. ನಾಲ್ಕನೆಯ ಕಾಲಮ್ಮಿನಲ್ಲಿ ರೋಗದ ದರ್ಜೆಯ ಬದಲು ಮರದ ವಯಸ್ಸು ಬಂದು ಕೂತಿತ್ತು. ಹೊನ್ನಮ್ಮನ ಮರಕ್ಕೆ ಸರ್ವೆಯವರು ಕೊಟ್ಟ ದರ್ಜೆ ಸೊನ್ನೆ. ಮಿಷನ್ನು ಓದಿದ್ದು ಅವಳು ಆ ಊರಿಗೆ ಬಂದು ಎಷ್ಟು ವರ್ಷವಾಯಿತೆಂಬುದನ್ನು.

ಇದರ ಅರ್ಥ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಖಾಲಿ ಬಿಟ್ಟದ್ದು ಪ್ರತಿ ತೋಟದ ಅತ್ಯುತ್ತಮ ಮರಕ್ಕೆ. ಅಂದರೆ ನಾವು ಸೀಮೆಯ ಒಳ್ಳೆಯ ಮರಗಳನ್ನೇ ಆರಿಸಿ ಆರಿಸಿ ಕಡಿಯಲು ಕಳಿಸಿದ್ದೆವು. ವೈರಿಗಳಿಗೂ ಇಷ್ಟು ಚೆನ್ನಾಗಿ ಆರಿಸಲು ಬರುತ್ತಿರಲಿಲ್ಲ. ತಪ್ಪು ನನ್ನದೇ ಎಂದು ಹೇಳಿಕೊಂಡು ಹಗುರಾಗುವ ಆಸೆ ನನಗಿಲ್ಲ. ಹೊನ್ನಮ್ಮ ಪದ್ಧತಿಯಂತೆ ನಡೆದಳು, ಸರ್ವೆಯವರು ಅವಳ ಮಾತಿಗೆ ಮರ್ಯಾದೆ ಕೊಟ್ಟರು, ನಾವು ಹಾಳೆಯಲ್ಲಿದ್ದದ್ದನ್ನು ಹೊಡೆದೆವು, ಪ್ರಸಾದ್ ತಮಗೆ ಹೇಳಿದ್ದನ್ನು ಬರೆದರು, ಸಾಹೇಬರು ಬಂದದ್ದಕ್ಕೆ ಸಹಿ ಹಾಕಿದರು. ಎಲ್ಲರೂ ಸರಿಯಾಗಿಯೇ ಕೆಲಸ ಮಾಡಿದ್ದರು. ನನ್ನನ್ನು ಇವತ್ತಿಗೂ ಕಂಗೆಡಿಸುವುದು ಅದೇ.

ನಂಜುಂಡಯ್ಯನವರಿಗೆ ತೋರಿಸಿದೆ. ಅವರು ಪಟ್ಟಿಯನ್ನು ಎರಡು ಸಲ ತಿರುವಿ ನೋಡಿದರು.

"ಗಿರಿಜಮ್ಮ, ಪಟ್ಟಿ ಜಿಲ್ಲೆಯಿಂದ ಮಂಜೂರಾಗಿ ಬಂದಿದೆ. ತಪ್ಪಿದೆ ಅಂತ ಬಾಯಲ್ಲಿ ಹೇಳಿದ್ರೆ ನನ್ನನ್ನ ಕೇಳ್ತಾರೆ, ಯಾವುದು ತಪ್ಪು ಯಾವುದು ಸರಿ ಅಂತ. ಮಿಷನ್ನಿಂದ ಬಂದದ್ದನ್ನ ಮಿಷನ್ನಿಂದಲೇ ತಿದ್ದಿ ಕೊಡಿ. ಆ ಕ್ಷಣ ನಿಲ್ಲಿಸ್ತೀನಿ."

"ಶೆಟ್ಟಿಕೆರೆ ಕಡೆ ಮಾತ್ರ ಅಲ್ಲಿವರೆಗೆ ನಿಲ್ಲಿಸಿ ಸಾರ್."

"ಯಾವ ಆಧಾರದ ಮೇಲೆ ನಿಲ್ಲಿಸ್ಲಿ? ನೀವೇ ಹೇಳಿ" ಎಂದರು.

ಪ್ರಸಾದ್‌ಗೆ ಟ್ರಂಕ್ ಕಾಲ್ ಬುಕ್ ಮಾಡಿದೆವು. ಲೈನು ಸಿಕ್ಕಿದಾಗ ಅವರು ಹೈದರಾಬಾದಿಗೆ ಹೋಗಿದ್ದರು, ಯಾವಾಗ ಬರುತ್ತಾರೋ ಆ ಕಡೆಯವರಿಗೆ ತಿಳಿಯದು. ಹಾಗಾಗಿ ನಾನು ಕಲಿಯಲು ಕೂತೆ. ಪರೀಕ್ಷೆಗೆ ಓದಿದ್ದೇನೆ, ಬಡ್ತಿಗೆ ಓದಿದ್ದೇನೆ. ಒಂದು ಮರ ಉಳಿಯಬೇಕೆಂದು ಓದಿದ್ದು ಅದೊಂದೇ ಸಲ. ಮರ ಕಡಿಯುವ ತಂಡ ಆಗಲೇ ಚಿಕ್ಕನಾಯಕನಹಳ್ಳಿ ಕಡೆ ಹೊರಟಿತ್ತು, ಶೆಟ್ಟಿಕೆರೆ ಇದ್ದದ್ದೂ ಆ ಕಡೆಯೇ. ದಿನವೂ ಬೆಳಿಗ್ಗೆ ಬಂದ ಶಿವಣ್ಣ ಬ್ಯಾಗು ಇಡುವ ಮೊದಲೇ, ತಂಡ ಈಗ ಯಾವ ಊರಲ್ಲಿದೆ ಎಂದು ಹೇಳುತ್ತಿದ್ದ. ನಾನು ಪುಟ ತಿರುವುತ್ತಿದ್ದೆ.

ಒಂದು ಸಾಲಿನಲ್ಲಿ ಎಷ್ಟು ಕಾಲಂ ಇವೆಯೆಂದು ಮಿಷನ್ನನ್ನೇ ಕೇಳಬಹುದೆಂದು ಜೆರಾಕ್ಸ್ ಪುಟವೊಂದರ ಅಂಚಿನಲ್ಲಿ, ಅರ್ಧ ಅಳಿಸಿದ ಅಕ್ಷರಗಳಲ್ಲಿ ಸಿಕ್ಕಿತು. ಐದರ ಬದಲು ನಾಲ್ಕೇ ಇದ್ದರೆ ಅದು ಖಾಲಿ ಬಿಟ್ಟ ಮರ. ಕುಣಿಯುವಷ್ಟು ಖುಷಿಯಾಯಿತು. ಹೊಡೆದೆ. ಫೈಲಿನಲ್ಲಿದ್ದ ಅಷ್ಟೂ ಮರಗಳು ಬಂದು ಪರದೆಯ ಮೇಲೆ ಓಡತೊಡಗಿದವು. ಮತ್ತೆ ಹೊಡೆದೆ, ಮತ್ತೆ ಅದೇ. ಕರೆಂಟು ಹೋಯಿತು. ಬಂದ ಮೇಲೆ ಇನ್ನೊಂದು ಬಗೆಯಲ್ಲಿ ಬರೆದೆ, ಒಂದೂ ಬರಲಿಲ್ಲ. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿ ಅತ್ತೆ. ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು: ಆ ಭಾಷೆಯಲ್ಲಿ ಸಮ ಎಂಬ ಚಿಹ್ನೆಯನ್ನು ಒಂದು ಸಲ ಹಾಕಿದರೆ ಅಪ್ಪಣೆ, ಎರಡು ಸಲ ಹಾಕಿದರೆ ಪ್ರಶ್ನೆ. ನಾಲ್ಕು ಕಾಲಂ ಇದೆಯೇ ಎಂದು ಕೇಳುವ ಬದಲು ನಾಲ್ಕೇ ಇರಲಿ ಎಂದು ಪ್ರತಿ ಸಾಲಿಗೂ ಅಪ್ಪಣೆ ಕೊಡುತ್ತಿದ್ದೆ. ಅದೂ ಹೂಂ ಎನ್ನುತ್ತಿತ್ತು. ಇಷ್ಟನ್ನು ಹೇಳಿಕೊಡುವವರು ಒಬ್ಬರಿದ್ದರೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ನನಗೆ ದಿನಗಟ್ಟಲೆ ಹಿಡಿಯಿತು.

ಕೊನೆಗೆ ಒಂದು ಬೆಳಿಗ್ಗೆ ಸರಿಯಾಯಿತು. ನಾಲ್ಕು ಕಾಲಮ್ಮಿನ ಸಾಲಿನಲ್ಲಿ ಮೂರನೆಯದನ್ನು ರೋಗವೆಂದು ಓದು, ಐದಿದ್ದರೆ ನಾಲ್ಕನೆಯದನ್ನು ಓದು. ಹೊಸ ಪಟ್ಟಿ ಅಚ್ಚಾಗಿ ಬಂತು. ಹೊನ್ನಮ್ಮನ ಮರ ಅದರಲ್ಲಿ ಇರಲಿಲ್ಲ. ನಂಜುಂಡಯ್ಯನವರು ಕೊಟ್ಟ ಮಾತಿನಂತೆ ಅಲ್ಲೇ ನಿಂತು ತಡೆಯಾಜ್ಞೆಗೆ ಸಹಿ ಹಾಕಿದರು. ಜೀಪು ತಂಡದ ಜೊತೆ ಹೋಗಿತ್ತು. ನಾನೂ ಶಿವಣ್ಣನೂ ಬಸ್ಸು ಹತ್ತಿದೆವು. ಆ ಬಸ್ಸು ನಿಲ್ಲದ ಮರವಿಲ್ಲ, ಹತ್ತಿಸಿಕೊಳ್ಳದ ಕುರಿಯಿಲ್ಲ. ಶಿವಣ್ಣ ಡ್ರೈವರನ ಹಿಂದೆಯೇ ನಿಂತು ಬೈಯುತ್ತಿದ್ದ. ನಾನು ಕಾಗದವನ್ನು ಎದೆಗೆ ಅವುಚಿಕೊಂಡು ಕೂತಿದ್ದೆ.

ತೋಟದ ಏರಿ ಹತ್ತುವಾಗಲೇ ಗೊತ್ತಾಯಿತು. ಗರಿಗಳು ನೆಲದ ಮೇಲಿದ್ದವು. ಮರ ಪಕ್ಕದ ಪಾತಿಗೆ ಅಡ್ಡ ಬಿದ್ದಿತ್ತು, ಬಲಿಯದ ಕಾಯಿಗಳು ಸುತ್ತ ಚೆಲ್ಲಿದ್ದವು. ತಂಡದವರು ಬೆಳಿಗ್ಗೆಯೇ ಮುಗಿಸಿ ಮುಂದಿನ ತೋಟಕ್ಕೆ ಹೋಗಿದ್ದರು. ಶಿವಣ್ಣ ಕಾಗದ ಕಿತ್ತುಕೊಂಡು ಅತ್ತ ಓಡಿದ. ಉಳಿದ ಮರಗಳು ಅವನ ಓಟದಿಂದ ಉಳಿದವು, ಅದನ್ನು ಮರೆಯಬಾರದು. ಹೊನ್ನಮ್ಮ ಬುಡದ ಹತ್ತಿರ ಕೂತಿದ್ದಳು. ಕೊಡಲಿ ಬಿದ್ದ ಜಾಗ ಅಂಚಿನಿಂದ ಅಂಚಿಗೆ ಗಟ್ಟಿಯಾಗಿ, ಒಂದು ಕಲೆಯೂ ಇಲ್ಲದೆ ಇತ್ತು. ಅವಳಿಗೆ ತೆಂಗಿನ ಬಗ್ಗೆ ನಾನು ಹೇಳಬೇಕಾದ್ದು ಏನೂ ಇರಲಿಲ್ಲ.

"ರೋಗ ಇರ್ಲಿಲ್ಲ, ಅಲ್ವೇನವ್ವ?" ಎಂದಳು.

"ಇರ್ಲಿಲ್ಲ ಹೊನ್ನಮ್ಮ."

"ಮತ್ತ್ಯಾಕಂಗಂತು ಆ ಮಿಷನ್ನು?"

ಸುಳ್ಳು ಹೇಳಬಹುದಿತ್ತು. ಹೇಳಬೇಕಿತ್ತೋ ಏನೋ, ನನಗೆ ಇವತ್ತಿಗೂ ತಿಳಿಯದು. ಕಾಯಿಯ ಲೆಕ್ಕದ ಜಾಗ ಖಾಲಿ ಇತ್ತು, ಅದರಿಂದ ಮುಂದಿನ ಅಂಕಿ ಸರಿದು ಬಂತು ಎಂದು ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಂಗಾರೆ ನಾನು ಕಾಯಿ ಎಣಿಸಿ ಹೇಳಿದ್ದಿದ್ರೆ ಉಳೀತಿತ್ತಾ?"

ನಾನು ಹೂಂ ಎಂದೆ. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತಲೆಗೆ ಸೆರಗು ಎಳೆದುಕೊಂಡು, "ದೃಷ್ಟಿ ಆಗ್ಬಾರ್ದು ಅಂತ ಮುಚ್ಚಿಟ್ನಲ್ಲೇ" ಎಂದು ಮರದ ಕಡೆ ತಿರುಗಿ ಹೇಳಿದಳು. ಯಾರೂ ಮಾಡದ ತಪ್ಪನ್ನು ಅವಳು ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡದ್ದನ್ನು ನಾನು ನಿಂತು ನೋಡಿದೆ. ಕಮಲ ಆ ವರ್ಷ ಸಸಿಯಿಲ್ಲದೆ ಗಂಡನ ಮನೆಗೆ ಹೋದಳೆಂದು ಶಿವಣ್ಣ ಮದುವೆಯಿಂದ ಬಂದು ಹೇಳಿದ. ನನಗೂ ಕರೆಯೋಲೆ ಬಂದಿತ್ತು, ಹೋಗಲು ಮನಸ್ಸಾಗಲಿಲ್ಲ.

ಆಮೇಲೆ ವಿಧಾನಗಳು ಬದಲಾದವು. ಕಾಲಂಗಳ ನಡುವೆ ಜಾಗ ಬಿಡುವ ಬದಲು ಒಂದರ ಮೇಲೊಂದು ಎರಡು ಚುಕ್ಕಿ ಹಾಕುವುದು ರೂಢಿಯಾಯಿತು. ಹಾಗೆ ಮಾಡಿದರೆ ಖಾಲಿಯೂ ಒಂದು ಕಾಲಂ ಎಂದು ಆಕ್ ಒಪ್ಪಿಕೊಳ್ಳುತ್ತದೆ. ಪ್ರಸಾದ್ ಹೈದರಾಬಾದಿನಿಂದ ಬಂದ ಮೇಲೆ ಫೋನಿನಲ್ಲಿ ಹೇಳಿದ್ದು ಇದನ್ನೇ. "ಖಾಲಿ ಇರಬಹುದು ಅಂತ ಯಾರೂ ನನಗೆ ಹೇಳಲೇ ಇಲ್ವಲ್ಲ ಮೇಡಂ" ಎಂದರು. ನಿಜ, ಯಾರೂ ಹೇಳಿರಲಿಲ್ಲ. ಕೆಲವು ವರ್ಷಕ್ಕೆ ಬೇರೆ ಮಿಷನ್ನು, ಬೇರೆ ಪ್ಯಾಕೇಜು ಬಂದು ನಾನು ಕಲಿತದ್ದನ್ನು ಕೇಳುವವರಿಲ್ಲವಾದರು. ಹೊಸ ಹುಡುಗರೇ, ನೀವು ಯಾವ ಭಾಷೆ ಕಲಿತರೂ ಅದಕ್ಕೂ ಇದೇ ಗತಿ. ಬೇಸರ ಮಾಡಿಕೊಂಡು ಪ್ರಯೋಜನವಿಲ್ಲ. ಅಂಕಿಗಳನ್ನು ಕಳಿಸಿದ ಊರಿಗೆ ಒಮ್ಮೆ ಹೋಗಿ ಬನ್ನಿ, ಅಷ್ಟು ಮಾಡಿ.

ಮುಂದಿನ ಸರ್ವೆಯ ಹಾಳೆಗಳು ಬಂದಾಗ ಇನ್ನೂ ಆ ಹಳೆಯ ಮಿಷನ್ನೇ, ಚುಕ್ಕಿ ಹಾಕದೆ ಜಾಗ ಬಿಡುವ ಹಳೆಯ ಪದ್ಧತಿಯೇ ಇತ್ತು. ಎಲ್ಲ ಟೈಪ್ ಮಾಡಿ ಮುಗಿಸಿ, ಖಾಲಿ ಬಿಟ್ಟ ಮರಗಳನ್ನು ಹುಡುಕುವ ನನ್ನ ಸಾಲನ್ನು ನಡೆಸಿದೆ. ಒಂದೂ ಸಿಗಲಿಲ್ಲ. ನಾನು ಮತ್ತೆ ತಪ್ಪು ಹೊಡೆದೆನೆಂದುಕೊಂಡು ಎರಡನೇ ಸಲ ನಡೆಸಿದೆ, ಆಗಲೂ ಇಲ್ಲ. ಹೊನ್ನಮ್ಮನ ಮರದ ಸುದ್ದಿ ತೋಟದಿಂದ ತೋಟಕ್ಕೆ ಹೋಗಿತ್ತು. ಆ ಸೀಮೆಯ ಜನ ತಾಯಿಮರದ ಕಾಯಿಯನ್ನೂ ಎಣಿಸಿ, ಸರ್ವೆ ಹುಡುಗರ ಪಕ್ಕ ನಿಂತು ಬರೆಸಿದ್ದರು. ನಂಜುಂಡಯ್ಯನವರಿಗೆ ಬಹಳ ಸಮಾಧಾನವಾಯಿತು. "ನೋಡಿದ್ರಾ, ಈ ಸಲ ಒಂದೂ ಬಿಟ್ಟಿಲ್ಲ" ಎಂದರು.

ಹೊನ್ನಮ್ಮನ ತೋಟದ ಹಾಳೆಯಲ್ಲಿ ಕಡಿದುಹೋದ ಆ ಮರದ ಸಂಖ್ಯೆಯೂ ಇತ್ತು. ಮುಂದೆ ಕಾಯಿಯ ಜಾಗದಲ್ಲಿ ಸೊನ್ನೆ. ಮರವೇ ಇಲ್ಲವಲ್ಲ ಎಂದು ಸರ್ವೆಯವನನ್ನು ಕೇಳಿದೆ.

"ಆಯಮ್ಮ ಬುಡಲಿಲ್ಲ ಕಣಮ್ಮ. ಖಾಲಿ ಬುಡಬ್ಯಾಡಪ್ಪ, ಸೊನ್ನೆ ಅಂತಾನಾರ ಬರ್ಕೊ, ಖಾಲಿ ಮಾತ್ರ ಬುಡಬ್ಯಾಡ ಅಂತ ಕೈ ಹಿಡ್ಕಂಡ್ಳು" ಎಂದ.

ನಾನು ಅದನ್ನು ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಲ್ಲದ ಮರ ಫೈಲಲ್ಲಿ ಇರಬಾರದಲ್ಲ ಗಿರಿಜಮ್ಮ. ತೆಗೆದುಬಿಡಿ" ಎಂದರು.

ಗಾಜಿನ ಕೋಣೆಗೆ ಹೋಗಿ ಕೂತೆ. ಆ ತೋಟದ ಆ ಮರವೊಂದನ್ನು ಬಿಟ್ಟು ಮಿಕ್ಕ ಸಾಲನ್ನೆಲ್ಲ ಬರೆ ಎಂಬ ಆಜ್ಞೆ ಹೊಡೆದೆ. ಬೇರೆ ಫೈಲಿಗೇ ಬರೆದೆ, ಪುಸ್ತಕ ನೋಡಲಿಲ್ಲ, ಸಮ ಚಿಹ್ನೆ ಎರಡೇ ಹಾಕಿದ್ದೆ. ಆ ಭಾಷೆಯಲ್ಲಿ ನಾನು ಬರೆದದ್ದು ಮೊದಲ ಸಲಕ್ಕೇ ಸರಿಯಾಗಿ ನಡೆದದ್ದು ಅವತ್ತೇ.